ಸೊಳ್ಳೆ ಕಚ್ಚಿದ ವಿಳಾಸ

ರಂಜಿತಾ,

ಮೊದಲೇ ಹೇಳಿಬಿಡುತ್ತೇನೆ, ಇದು ಸಾರಿ ಕೇಳುವ ಕಾಗದ ಅಲ್ಲ. ನಿಮ್ಮ ನರ್ಸಿಂಗ್ ಹೋಮಿನ ಕೌಂಟರಿನಲ್ಲಿ ನಿಂತು ಅವತ್ತು ಕೂಗಾಡಿದೆನಲ್ಲ, ಅದಕ್ಕೆ ನನಗೆ ಒಂಚೂರೂ ಬೇಜಾರಿಲ್ಲ. ಅವತ್ತಿನಿಂದ ನೀನು ನನ್ನ ನಂಬರ್ ಬ್ಲಾಕ್ ಮಾಡಿದ್ದೀಯ. ಫೋನ್ ಹೋಗಲ್ಲ, ಮೆಸೇಜಿಗೆ ಒಂದೇ ಟಿಕ್ಕು. ಅದಕ್ಕೇ ಈ ಕಾಗದ. ತಂಗಿ ಕವನಾ ಕೈಲಿ ಕಳಿಸುತ್ತಿದ್ದೇನೆ. ಒಂಬತ್ತನೇ ಕ್ಲಾಸಿಗೆ ಸ್ಕೂಲು ಬಿಟ್ಟವನು ನಾನು, ಬರೆದು ಅಭ್ಯಾಸವಿಲ್ಲ. ಕನ್ನಡ ಮೇಷ್ಟ್ರು ಗೆಳೆಯನಿಗೆ ಪತ್ರ ಬರೆಯಿರಿ ಅಂದ ದಿನ ನೀನು ಹತ್ತಕ್ಕೆ ಹತ್ತು ತೆಗೆದೆ, ನಾನು ಆ ಹಾಳೆಯಲ್ಲಿ ವಿಮಾನ ಮಾಡಿ ಬಿಟ್ಟು ಹೊರಗೆ ನಿಂತೆ. ತಪ್ಪು ಇದ್ದರೆ ತಿದ್ದಿಕೊಂಡು ಓದು. ಪೂರ್ತಿ ಓದು, ಅಷ್ಟೇ.

ನಿನ್ನಿಂದ ಒಂದು ಸಾಲು ಬೇಕು. ನಾವಿರುವ ವಠಾರ ಡೆಂಗಿ ಲೆಕ್ಕಕ್ಕೆ ಬರಬೇಕು, ಇಲ್ಲಿ ಇನ್ನೊಂದು ಮಗು ಸಾಯುವ ಮೊದಲು. ಆ ಲೆಕ್ಕಕ್ಕೆ ಸೇರಿಸುವ ಕಂಪ್ಯೂಟರು ನಿನ್ನ ಮುಂದೆ ಇದೆ.

ನಾವು ಊರು ಬಿಟ್ಟು ಹೊಳೆನರಸೀಪುರಕ್ಕೆ ಬಂದದ್ದು ಕವನಾಳ ಕಾಲೇಜಿಗೆ ಅಂತ ನಿನಗೆ ಗೊತ್ತು. ಅವ್ವನಿಗೆ ತೆಂಗಿನಕಾಯಿ ಮಂಡಿಯಲ್ಲಿ ಕೆಲಸ ಸಿಕ್ಕಿತು, ನನಗೆ ಅರಕಲಗೂಡು ರಸ್ತೆಯಲ್ಲಿ ಶುಂಠಿ ತೊಳೆಯುವ ಕಡೆ ಲೋಡಿಂಗ್. ಮನೆ ಸಿಗುವುದೇ ಕಷ್ಟವಾಯಿತು. ಯಾಕೆ ಅಂತ ನಿನಗೆ ಬಿಡಿಸಿ ಹೇಳಬೇಕಾ? ನೀನು ಊರೊಳಗಿನವಳು, ನಮ್ಮ ಕಾಲೋನಿ ದಾಟಿಕೊಂಡೇ ಸ್ಕೂಲಿಗೆ ಬರುತ್ತಿದ್ದವಳು. ಅಕ್ಕಿ ಮಿಲ್ಲಿನ ಹಿಂದೆ ಪರಮಶಿವಯ್ಯ ಅನ್ನುವವರ ವಠಾರ ಇದೆ ಅಂತ ಯಾರೋ ಹೇಳಿದರು. ಆರು ಮನೆ, ಒಂದೇ ಸಾಲು, ಎಲ್ಲರೂ ಹೊರಗಿನಿಂದ ಬಂದ ಬಾಡಿಗೆಯವರು. ಪರಮಶಿವಯ್ಯ ಜಗುಲಿ ಮೇಲೆ ಕೂತುಕೊಂಡು ಕೇಳಿದ.

"ಯಾವ ಕಡೆಯೋರಮ್ಮ ನೀವು?"

"ಅರಕಲಗೂಡು ಕಡೆಯೋರು ಸಾ."

"ಅಂಗಲ್ಲ ಕಣಮ್ಮ. ಯಾವ ಪೈಕಿ?"

"ಅದೇ ಸಾ, ಅರಕಲಗೂಡಿಂದ ಇನ್ನೂ ಒಂದೀಟು ಒಳೀಕ್ಕೆ ಓಗ್ಬೇಕು" ಅಂದುಬಿಟ್ಟಳು ಅವ್ವ, ಮುಖದ ಮೇಲೆ ಒಂದು ಗೆರೆ ಆಡದ ಹಾಗೆ. ನನಗೆ ನಗು ತಡೆಯಲಿಲ್ಲ. ಆತನಿಗೂ ಆರು ತಿಂಗಳಿಂದ ಖಾಲಿ ಬಿದ್ದಿದ್ದ ಮನೆ, ಮುಂದಕ್ಕೆ ಕೆದಕಲಿಲ್ಲ. ಅವತ್ತಿನಿಂದ ನಮ್ಮ ಜಾತಿ 'ಅರಕಲಗೂಡು ಕಡೆ'. ಬುದ್ಧನ ಫೋಟೋವನ್ನು ಅವ್ವ ಬೀರುವಿನ ಒಳಗೆ ಇಟ್ಟಳು. ಬೆಳಿಗ್ಗೆ ಬೀರು ಬಾಗಿಲು ತೆಗೆದು ಕೈ ಮುಗಿದು ಮತ್ತೆ ಮುಚ್ಚುತ್ತಾಳೆ. ಆಧಾರ್ ಕಾರ್ಡನ್ನು ಮಾತ್ರ ಯಾರಿಗೂ ತೋರಿಸಬಾರದು ಅಂತ ಕಟ್ಟಪ್ಪಣೆ. ಅದರಲ್ಲಿ ಮನೆ ನಂಬರಿನ ಪಕ್ಕದಲ್ಲೇ ಇದೆಯಲ್ಲ 'ಕಾಲೋನಿ' ಅಂತ. ಇಲ್ಲಿಯ ವಿಳಾಸಕ್ಕೆ ಬದಲಾಯಿಸಬೇಕು ಅಂದರೆ ಮನೆ ಓನರ್ ಸಹಿ ಬೇಕು. ಸಹಿ ಕೇಳಬೇಕು ಅಂದರೆ ಕಾರ್ಡು ತೋರಿಸಬೇಕು. ಹಾಗಾಗಿ ನಾವು ಇಲ್ಲಿ ಉಂಡು, ಮಲಗಿ, ಬಾಡಿಗೆ ಕಟ್ಟಿಕೊಂಡಿದ್ದರೂ ಕಾರ್ಡಿನಲ್ಲಿ ಇನ್ನೂ ಊರಲ್ಲೇ ಇದ್ದೇವೆ.

ಕವನಾಗೆ ಜ್ವರ ಬಂದಾಗ ನಾನು ಸೀದಾ ನಿನ್ನ ಹತ್ತಿರ ಕರೆದುಕೊಂಡು ಬಂದೆ. ಬೇರೆ ಎಲ್ಲೂ ಹೋಗಲಿಲ್ಲ. ನಮ್ಮ ರಂಜಿತಾ ಇದ್ದಾಳೆ, ಲ್ಯಾಬ್ ಕೋರ್ಸ್ ಮಾಡಿದ್ದಾಳೆ ಅಂತ ಅವ್ವನಿಗೂ ಧೈರ್ಯ. ನೀನು ಚೆನ್ನಾಗಿಯೇ ನೋಡಿದೆ, ಅದನ್ನು ಇಲ್ಲ ಅನ್ನಲ್ಲ. ರಕ್ತ ತೆಗೆದು, ಆ ಬಿಳಿ ಕಾರ್ಡಿಗೆ ಹನಿ ಹಾಕಿ, ಗೆರೆ ಮೂಡುವವರೆಗೂ ಕವನಾಳ ಕೈ ಹಿಡಿದುಕೊಂಡೇ ಕಾಲೇಜಿನ ವಿಷಯ ಕೇಳುತ್ತಿದ್ದೆ. ಎರಡನೇ ಗೆರೆ ಬಂತು.

"ಡೆಂಗಿ ಕಣೋ ಕೀರ್ತಿ. ಜ್ವರ ಶುರುವಾದ ಮೊದ್ಲ ನಾಕೈದು ದಿನದಲ್ಲಿ ಬಂದ್ರೆ ಈ ಕಾರ್ಡಲ್ಲೇ ಗೊತ್ತಾಗ್ಬಿಡುತ್ತೆ. ಬೇಗ ಕರ್ಕೊಂಡ್ ಬಂದೆ, ಒಳ್ಳೇದಾಯ್ತು. ನೀರು ಕುಡಿಸ್ತಾ ಇರು, ಜ್ವರ ಬಿಟ್ರೂ ಮೈ ಮರೀಬೇಡ."

ಆಮೇಲೆ ಕವನಾಳ ಆಧಾರ್ ಇಸಕೊಂಡು ಟೈಪ್ ಮಾಡಿದೆ. ನಾನು ನಿನ್ನ ಪಕ್ಕದಲ್ಲೇ ನಿಂತಿದ್ದೆ. 'ಕಾಲೋನಿ' ಅನ್ನುವ ಪದ ಬಂದಾಗ ನಿನ್ನ ಬೆರಳು ನಿಲ್ಲಲಿಲ್ಲ, ನೀನು ನನ್ನ ಕಡೆ ನೋಡಲೂ ಇಲ್ಲ. ಅದು ನನಗೆ ಇಷ್ಟವಾಯಿತು. ಆದರೂ ಕೇಳಿದೆ, ನಾವೀಗ ಇರುವುದು ಅಕ್ಕಿ ಮಿಲ್ ಹಿಂದೆ ಕಣೇ, ಅಲ್ಲಿಯದು ಹಾಕು ಅಂತ.

"ಬಿಲ್ಲಿಂಗಲ್ಲಿ ಆಧಾರದ್ದೇ ಹಾಕೋದು ಕಣೋ. ಮೇಲಕ್ಕೆ ರಿಪೋರ್ಟೂ ಅದೇ ಹೋಗುತ್ತೆ. ನಿಮ್ಮೂರೇ ತಾನೇ? ಅದ್ರಿಂದ ಏನಾಗುತ್ತೆ?"

ಅದರಿಂದ ಏನಾಗುತ್ತೆ. ಬೈಕಿನಲ್ಲಿ ಹೋಗುವಾಗ, ಶುಂಠಿ ಮೂಟೆ ಎತ್ತುವಾಗ, ಊಟಕ್ಕೆ ಕೂತಾಗ, ನಿನ್ನ ಈ ಮಾತು ನಿನ್ನದೇ ದನಿಯಲ್ಲಿ ಕೇಳುತ್ತದೆ ಕಣೇ.

ಏನಾಯಿತು ಅಂದರೆ, ಊರಿನಿಂದ ಅಜ್ಜಿ ಫೋನ್ ಮಾಡಿತು. ಮಾಯಮ್ಮಜ್ಜಿ ನೆನಪಿದೆ ತಾನೇ, ನಿನಗೆ ಹುಣಸೆಹಣ್ಣು ಕೊಡುತ್ತಿತ್ತಲ್ಲ.

"ಲೇ ಕೀರ್ತಿ, ಯಾರ್ಯಾರೋ ಬಂದವ್ರೆ ಕಣ್ಲಾ. ನನ್ ಅಂಡೆ ನೀರ್ನೆಲ್ಲ ಚೆಲ್ಬುಟ್ರು. ಕೋಳಿಗೆ ಇಟ್ಟಿದ್ ಚಿಪ್ನೂ ಬುಡ್ನಿಲ್ಲ, ಮೊಗುಚಾಕ್ಬುಟ್ರು. ಕವನ ಎಲ್ಲವ್ಳೆ ಅಂದ್ರು. ಒಳೆನರಸೀಪುರದಲ್ಲವ್ಳೆ ಕಣ್ರಪ್ಪ ಅಂದೆ. ಇಲ್ಲ, ಇಲ್ಲೇ ಅವ್ಳೆ ಅಂತ ಬರ್ದೈತೆ ಅಂತಾರೆ! ಮಂಚದ ಕೆಳೀಕ್ಕೂ ಬಗ್ಗಿ ನೋಡುದ್ರು ಕಣ್ಲಾ, ನಾನೇನ್ ಮೊಮ್ಮಗಳ್ನ ಮಂಚದ ಕೆಳಗೆ ಇಕ್ಕಂಡಿದ್ದೀನಾ? ಆಮ್ಯಾಕೆ ಒಗೆ ಒಡ್ದು ಓದ್ರು. ಈಗ ನನ್ ಕೋಳಿಗಳು ಕೆಮ್ತಾ ಕುಂತವೆ."

ನಾನು ನಕ್ಕೆ. ಫೋನ್ ಸ್ಪೀಕರಿನಲ್ಲಿತ್ತು, ಮಲಗಿದ್ದಲ್ಲೇ ಕವನಾನೂ ನಕ್ಕಳು, ನಕ್ಕು ಹೊಟ್ಟೆ ಹಿಡಿದುಕೊಂಡಳು. ಆಮೇಲೆ ನನಗೆ ಹೊಳೆಯಿತು. ಅಲ್ಲಿ ಯಾರಿಗೂ ಜ್ವರ ಇಲ್ಲ. ನಾವು ದೀಪಾವಳಿಯಿಂದ ಊರಿಗೇ ಹೋಗಿಲ್ಲ. ಕವನಾಗೆ ಕಚ್ಚಿದ ಸೊಳ್ಳೆ ಇಲ್ಲಿಯದು, ಹೊಗೆ ಅಲ್ಲಿ.

ಸೊಳ್ಳೆ ಎಲ್ಲಿಂದ ಬರುತ್ತಿತ್ತು ಅಂತ ವಠಾರದಲ್ಲಿ ಎಲ್ಲರಿಗೂ ಗೊತ್ತು. ಪರಮಶಿವಯ್ಯ ನಮ್ಮ ತಲೆ ಮೇಲೆ ಇನ್ನೊಂದು ಅಂತಸ್ತು ಎತ್ತಲು ಹೊರಟು ಮೋಲ್ಡ್ ಹಾಕಿಸಿದ್ದ. ಮೋಲ್ಡ್ ಗಟ್ಟಿಯಾಗಲಿ ಅಂತ ತಾರಸಿ ತುಂಬ ಸಿಮೆಂಟಿನ ಸಣ್ಣ ಸಣ್ಣ ಕಟ್ಟೆ ಕಟ್ಟಿ ನೀರು ನಿಲ್ಲಿಸಿದ್ದರು, ಗದ್ದೆ ಮಡಿಗಳ ಹಾಗೆ. ಆಮೇಲೆ ಅಣ್ಣತಮ್ಮಂದಿರ ಜಗಳವಾಗಿ ಕೆಲಸ ನಿಂತಿತು. ಮಡಿಗಳು ಹಾಗೇ ಉಳಿದವು. ಮಳೆ ಬಂದಾಗಲೆಲ್ಲ ತುಂಬುತ್ತವೆ. ನಾನು ಒಂದು ಭಾನುವಾರ ಸುತ್ತಿಗೆ ತಗೊಂಡು ಹತ್ತಿದೆ. ನೀರೊಳಗೆ ಕೂದಲೆಳೆಯಂಥ ಹುಳ ಕುಣಿಯುತ್ತಿದ್ದವು, ಸಾವಿರಗಟ್ಟಲೆ. ನಾಲ್ಕು ಕಟ್ಟೆ ಒಡೆಯುವಷ್ಟರಲ್ಲಿ ಪರಮಶಿವಯ್ಯ ಬಂದ.

"ಏಯ್, ಬಾಡ್ಗೆ ಕೊಡೋನು ನೀನು ನೆಲ ನೋಡ್ಕೊ. ತಾರಸಿ ನಂದು. ಮೋಲ್ಡ್ ಬಿರುಕು ಬುಟ್ರೆ ನಿಮ್ಮಪ್ಪ ಕಟ್ಟುಸ್ಕೊಡ್ತಾನಾ?"

ಸಾಯಂಕಾಲಕ್ಕೆ ಮೆಟ್ಟಿಲ ಬಾಗಿಲಿಗೆ ಬೀಗ.

ಇನ್ನು, ಇದನ್ನು ಹೇಳಿಕೊಳ್ಳಲು ಹೋದ ಆಫೀಸು. ಯಾವ ಆಫೀಸು ಅಂತ ಬರೆಯಲ್ಲ, ಆ ಮನುಷ್ಯನೇನು ಕೆಟ್ಟವನಲ್ಲ. ಕಂಪ್ಯೂಟರ್ ನೋಡಿ ಹೇಳಿದ.

"ಅಕ್ಕಿ ಮಿಲ್ ಹಿಂದೆ ಒಂದೂ ಕೇಸಿಲ್ವಲ್ಲಪ್ಪ. ಸೊನ್ನೆ ಐತೆ. ಕೇಸ್ ಇರೋ ಕಡೀಕೆ ಕಳ್ಸಕ್ಕೇ ನಂತಾವ ಜನ ಇಲ್ಲ."

"ನನ್ ತಂಗಿಗೇ ಬಂದೈತೆ ಸಾ. ಕಾರ್ಡಲ್ಲಿ ಪಾಸಿಟಿವ್."

"ಅದು ಅರಕಲಗೂಡು ತಾಲ್ಲೂಕಿಗೆ ಓಗ್ಬುಟ್ಟೈತೆ. ಅಲ್ಲಿ ಒಗೆನೂ ಒಡ್ದವ್ರೆ, ನೋಡು, ಮುಗ್ದೋಗೈತೆ ಅಂತ ಆಕವ್ರೆ. ಇನ್ನೇನಪ್ಪ ಬೇಕು ನಿಂಗೆ?"

ಇನ್ನೇನು ಬೇಕು ನನಗೆ! ಹೊರಗೆ ಬಂದು ಗೋಡೆಗೆ ಒದ್ದೆ. ಕಾಲು ಊದಿಕೊಂಡಿತು ಅಷ್ಟೇ.

ಕವನಾ ಎದ್ದಳು. ಈಗಲೂ ಬಾಚಣಿಗೆ ತುಂಬ ಕೂದಲು ಬರುತ್ತದೆ, ಮೆಟ್ಟಿಲು ಹತ್ತಿದರೆ ಏದುಸಿರು, ಆದರೂ ಇದ್ದಾಳೆ. ಶೋಭಿತಾ ಇಲ್ಲ.

ಶೋಭಿತಾನ ನೀನು ನೋಡಿದ್ದು ಒಂದೇ ಸಲ, ಬಿಳಿಚಿಕೊಂಡು ಅಪ್ಪನ ಹೆಗಲ ಮೇಲಿದ್ದಾಗ. ನಾನು ಹೇಳುತ್ತೇನೆ ಕೇಳು ಅವಳು ಹೇಗಿದ್ದಳು ಅಂತ. ಪಕ್ಕದ ಮನೆ ರವೀಂದ್ರಣ್ಣ, ನೇತ್ರಾವತಿ ಅಕ್ಕನ ಒಬ್ಬಳೇ ಮಗಳು. ಒಂದನೇ ಕ್ಲಾಸು. ಮುಂದಿನ ಎರಡು ಹಲ್ಲು ಬಿದ್ದಿದ್ದವು, ನನ್ನನ್ನು 'ಕೀತಿಮಾಮ' ಅನ್ನುತ್ತಿದ್ದಳು. ನನ್ನ ಹೆಲ್ಮೆಟ್ ಹಾಕಿಕೊಂಡು ಊಟ ಮಾಡುತ್ತಿದ್ದಳು, ಗಾಜು ಎತ್ತಿ ಒಂದು ತುತ್ತು, ಮತ್ತೆ ಮುಚ್ಚಿಕೊಂಡು ಅಗಿಯುವುದು. ಕವನಾ ಮಲಗಿದ್ದಾಗ ದಿನಾ ಬಾಗಿಲಲ್ಲಿ ನಿಂತು "ಕವನಕ್ಕ, ನಿಂಗೆ ಸೊಳ್ಳೆ ಕಚ್ತಂತೆ? ಅದುನ್ನ ನಾನ್ ಸಾಯ್ಸಿವ್ನಿ, ಎದ್ದೇಳು" ಅಂತ ಕೈ ತೋರಿಸುತ್ತಿದ್ದಳು. ಕೈಯಲ್ಲಿ ಏನೂ ಇರುತ್ತಿರಲಿಲ್ಲ.

ಅವಳಿಗೂ ನೀನೇ ಕಾರ್ಡ್ ಹಾಕಿದೆ. ಎರಡು ಗೆರೆ. ರವೀಂದ್ರಣ್ಣನ ಆಧಾರ್ ಚನ್ನರಾಯಪಟ್ಟಣ ತಾಲ್ಲೂಕಿನದು, ರೇಷನ್ ತಪ್ಪಿಹೋಗುತ್ತದೆ ಅಂತ ಅವರೂ ಬದಲಾಯಿಸಿರಲಿಲ್ಲ. ಶೋಭಿತಾಳ ಡೆಂಗಿ ಚನ್ನರಾಯಪಟ್ಟಣಕ್ಕೆ ಹೋಯಿತು. ಅವಳು ಮಾತ್ರ ಇಲ್ಲೇ, ಅದೇ ತಾರಸಿ ಕೆಳಗೆ ಮಲಗಿದ್ದಳು. ಜ್ವರ ಬಿಟ್ಟಿತು. ನೇತ್ರಾವತಿ ಅಕ್ಕ ಖುಷಿಯಿಂದ ನಮಗೆಲ್ಲ ಹೇಳಿಕೊಂಡು ಬಂದಳು, ಮಗಳು ಇಡ್ಲಿ ಕೇಳಿದಳು ಅಂತ. ನೀನು ನನಗೆ ಹೇಳಿದ್ದ ಮಾತು, ಜ್ವರ ಬಿಟ್ಟರೂ ಮೈ ಮರೆಯಬೇಡಿ ಅಂತ, ನಾನೂ ಅವರಿಗೆ ಹೇಳಿದೆ. ಆದರೆ ಇಡ್ಲಿ ಕೇಳಿದ ಮಗುವನ್ನು ನೋಡಿ ಯಾರು ಹೆದರುತ್ತಾರೆ? ಸಂಜೆ ಹೊತ್ತಿಗೆ ಕೈಕಾಲು ತಣ್ಣಗಾದವು. ಹಾಸನಕ್ಕೆ ಕರೆದುಕೊಂಡು ಹೋದೆವು. ಅಲ್ಲಿನ ಡಾಕ್ಟರು, ನರ್ಸುಗಳು ಕೈಲಾದದ್ದೆಲ್ಲ ಮಾಡಿದರು, ನಾನೇ ಕಣ್ಣಾರೆ ನೋಡಿದೆ. ಮಗು ಉಳಿಯಲಿಲ್ಲ. ಬರುವಾಗ ಆಂಬುಲೆನ್ಸಿನಲ್ಲಿ ರವೀಂದ್ರಣ್ಣ ಒಂದೇ ಮಾತು ಹೇಳುತ್ತಿದ್ದ, "ಬೆಳಿಗ್ಗೆ ಚೆನ್ನಾಗಿದ್ಲಲ್ಲ ಕೀರ್ತಿ. ಚೆನ್ನಾಗಿದ್ಲಲ್ಲೋ."

ಎರಡು ದಿನ ಬಿಟ್ಟು ಪೇಪರಿನಲ್ಲಿ ಬಂತು. 'ಶಂಕಿತ ಡೆಂಗಿ: ಚನ್ನರಾಯಪಟ್ಟಣ ತಾಲ್ಲೂಕಿನ ಬಾಲಕಿ ಸಾವು.' ಶಂಕಿತ ಅನ್ನುವ ಪದವನ್ನು ನಾನು ಓದಿರುವುದು ಬಾಂಬ್ ಇಟ್ಟವರ ಸುದ್ದಿಯಲ್ಲಿ, ಸರ ಕಿತ್ತುಕೊಂಡು ಓಡಿದವರ ಸುದ್ದಿಯಲ್ಲಿ. ಹಲ್ಲು ಬಿದ್ದ ಹುಡುಗಿ ಮೇಲೆ ಯಾರಿಗೆ ಏನು ಶಂಕೆ? ನಿನ್ನ ಕಾರ್ಡಿನ ಗೆರೆ ಸಾಲದಂತೆ, ಹಾಸನದ ದೊಡ್ಡ ಲ್ಯಾಬಿನಲ್ಲಿ ಇನ್ನೊಂದು ಟೆಸ್ಟ್ ಆಗಿ ಹೌದು ಅಂದರೆ ಮಾತ್ರ ಖಾತ್ರಿಯಂತೆ, ಅಲ್ಲಿವರೆಗೂ ಶಂಕಿತವಂತೆ. ಹೂತು ಬಂದ ಮೇಲೂ ಅವಳು ಸತ್ತದ್ದು ಯಾತಕ್ಕೆ ಅಂತ ಖಾತ್ರಿಯಿಲ್ಲ, ಅವಳು ಇದ್ದದ್ದು ಎಲ್ಲಿ ಅಂತಲೂ ಖಾತ್ರಿಯಿಲ್ಲ. ನೇತ್ರಾವತಿ ಅಕ್ಕನಿಗೆ ಓದಲು ಬರಲ್ಲ. ಏನು ಬರೆದಿದ್ದಾರೆ ಕೀರ್ತಿ ಅಂದಳು. ಒಳ್ಳೇ ಮಗು ಅಂತ ಬರೆದಿದ್ದಾರೆ ಅಕ್ಕ ಅಂದೆ.

ಆ ಪೇಪರ್ ಹಿಡಿದುಕೊಂಡೇ ನಾನು ನಿನ್ನ ಕೌಂಟರಿಗೆ ಬಂದದ್ದು. "ಅದ್ರಿಂದ ಏನಾಗುತ್ತೆ ಅಂದ್ಯಲ್ಲ, ನೋಡೇ, ಇದಾಯ್ತದೆ!" ಅಂತ ಕೂಗಿದೆ. ನೀನು ಮಾಸ್ಕ್ ಮೇಲಕ್ಕೆ ಎಳೆದುಕೊಂಡು ಆ ಕಡೆ ತಿರುಗಿದೆ. ಭುಜ ಅಲ್ಲಾಡುತ್ತಿತ್ತು. ಅತ್ತೆಯಾ? ಅಳು. ಅತ್ತದ್ದಕ್ಕೆ ಒಂದು ಅಕ್ಷರವೂ ಬದಲಾಗಲಿಲ್ಲವಲ್ಲ. ನಿಮ್ಮ ವಾಚ್‌ಮನ್ ನನ್ನ ಕತ್ತಿನ ಪಟ್ಟಿ ಹಿಡಿದು ರಸ್ತೆಗೆ ತಳ್ಳಿದ.

ಸರಿ, ಕಾನೂನು ಪ್ರಕಾರವೇ ಆಗಲಿ ಅಂತ ಹಟ ಹಿಡಿದೆ. ಆಧಾರ್ ವಿಳಾಸವನ್ನೇ ಬದಲಾಯಿಸುತ್ತೇನೆ, ಮುಂದೆ ಯಾರಿಗೆ ಜ್ವರ ಬಂದರೂ ಈ ವಠಾರದ ಹೆಸರೇ ಹೋಗಲಿ ಅಂತ. ಅವ್ವನಿಗೆ ಹೇಳದೆ ಪರಮಶಿವಯ್ಯನ ಹತ್ತಿರ ಹೋದೆ. ಬಾಡಿಗೆ ಕರಾರಿಗೆ ಒಂದು ಸಹಿ ಹಾಕಿಕೊಡಿ ಸಾ ಅಂದೆ. ಕಾರ್ಡು ಕೊಡು ಅಂದ. ಕೈ ಚಾಚಿ ಇಸಕೊಂಡ. ಕನ್ನಡಕ ಏರಿಸಿಕೊಂಡು ಓದಿದ. 'ಕಾಲೋನಿ' ಹತ್ತಿರ ಅವನ ಕಣ್ಣು ನಿಂತಿತು. ಬೈಯಲಿಲ್ಲ ಕಣೇ. ಬೈದಿದ್ದರೆ ನನಗೂ ಬಾಯಿ ಇತ್ತು. ಕಾರ್ಡನ್ನು ನನ್ನ ಕೈಗೆ ಕೊಡದೆ ಜಗುಲಿ ಕಟ್ಟೆ ಮೇಲೆ ಇಟ್ಟ. ಇಟ್ಟ ಬೆರಳನ್ನು ಪಂಚೆಗೆ ಒರೆಸಿಕೊಂಡ.

ಮಾರನೇ ದಿನ ಅವ್ವನಿಗೆ ಹೇಳಿದ, "ನಮ್ ನೆಂಟ್ರು ಬತ್ತಾವ್ರಮ್ಮ. ಈ ತಿಂಗ್ಳು ಆದ್ಮೇಲೆ ಮನೆ ಬುಟ್ಕೊಡಿ."

ಅವ್ವ ಅವನ ಮೇಲೆ ಕೂಗಲಿಲ್ಲ. ಒಳಗೆ ಬಂದು ನನ್ನ ಮುಂದೆ ಕೂತಳು. "ಇಷ್ಟ್ ದಿನ ಬಾಯ್ ಮುಚ್ಕಂಡು ಕಾಪಾಡ್ಕಂಡಿದ್ನಲ್ಲೋ ಮಗ. ಕಾರ್ಡ್ ಯಾಕ್ಲಾ ತೋರುಸ್ದೆ?" ಅಂದಳು. ಸತ್ತ ಮಗು, ಸೊಳ್ಳೆ, ರಿಪೋರ್ಟು, ಇದೆಲ್ಲ ಅವಳಿಗೆ ಗೊತ್ತು. ಆದರೆ ಕಾಲೇಜಿನ ಅರ್ಧ ವರ್ಷದಲ್ಲಿ ಮಗಳನ್ನು ಕಟ್ಟಿಕೊಂಡು ಇನ್ನು ಯಾವ ಜಗುಲಿ ಮುಂದೆ ನಿಂತು 'ಅರಕಲಗೂಡು ಕಡೆಯೋರು' ಅನ್ನಬೇಕು ಅನ್ನುವುದೇ ಅವಳ ತಲೆಯಲ್ಲಿ ಓಡುತ್ತಿದೆ. ಬೀರುವಿನ ಬಾಗಿಲನ್ನು ಅವತ್ತು ಮುಚ್ಚಲೇ ಇಲ್ಲ. ಇನ್ನು ಯಾರಿಂದ ಮುಚ್ಚಿಡುವುದು?

ರವೀಂದ್ರಣ್ಣ ಮನೆ ಖಾಲಿ ಮಾಡಿಕೊಂಡು ಹೋದರು. ಮೊನ್ನೆ ಆ ಮನೆ ನೋಡಲು ಗೊರೂರು ಕಡೆಯಿಂದ ಗಂಡ ಹೆಂಡತಿ ಬಂದಿದ್ದರು. ಕಂಕುಳಲ್ಲಿ ಇನ್ನೂ ನೆಟ್ಟಗೆ ಕೂರಲಾರದ ಕೂಸು. ಆ ಹೆಂಗಸು ನೀರು ಹೆಂಗೈತೆ ಅಂತ ಕೇಳಿದಳು. ಪರಮಶಿವಯ್ಯ ನಗುತ್ತಾ ಹೇಳಿದ, "ನೀರಿಗೇನ್ ಕಮ್ಮಿ ಇಲ್ಲ ಕಣಮ್ಮ ಇಲ್ಲಿ."

ನಾನು ಗೇಟಿನ ಹತ್ತಿರ ಅವರನ್ನು ನಿಲ್ಲಿಸಿ ಹೇಳಿದೆ. ಈ ಮನೆಯಲ್ಲಿದ್ದ ಮಗು ಡೆಂಗಿಯಿಂದ ಸತ್ತಿದೆ, ತಾರಸಿ ಮೇಲೆ ನೀರು ನಿಂತಿದೆ, ಬೇಡ ಅಂತ. ಗಂಡ ಫೋನಿನಲ್ಲಿ ಹುಡುಕಿ ನೋಡಿದ, ಇಲ್ಲಿ ಡೆಂಗಿ ಇದೆ ಅಂತ ಎಲ್ಲೂ ಇಲ್ಲವಲ್ಲ ಅಂದ. "ಓನರ್ ಮೇಲೆ ಏನೋ ಸಿಟ್ಟಿರ್ಬೇಕು ನಿಮ್ಗೆ. ಖಾಲಿ ಮಾಡಿ ಅಂದವ್ರಂತಲ್ಲ" ಅಂದು ಗಾಡಿ ಸ್ಟಾರ್ಟ್ ಮಾಡಿದ. ಅವನದೇನು ತಪ್ಪು? ಸೊನ್ನೆ ಅಂದರೆ ಸೊನ್ನೆ. ಈ ಬೀದಿಯಲ್ಲಿ ಬಾಡಿಗೆಗೆ ಇರುವ ನಾವು ಯಾರೂ ಇಲ್ಲಿ ಇಲ್ಲ. ಇಲ್ಲದವರಿಗೆ ಯಾವ ಜ್ವರ?

ಈಗ ಹೇಳುತ್ತೇನೆ. ನಿನ್ನೆಯಿಂದ ನನಗೆ ಜ್ವರ. ಕಣ್ಣಿನ ಹಿಂದೆ ಯಾರೋ ಬೆರಳಿಟ್ಟು ಒತ್ತಿದ ಹಾಗಿದೆ, ಸೊಂಟ ಮುರಿದ ಹಾಗಿದೆ, ಅಕ್ಷರ ಸೊಟ್ಟಗೆ ಬರುತ್ತಿರುವುದು ಅದಕ್ಕೇ. ಕವನಾಗೆ ಹೇಗೆ ಶುರುವಾಯಿತೋ ಹಾಗೇ. ನಿನ್ನ ಕಾರ್ಡು ಹಿಡಿಯುವ ಮೊದಲ ದಿನಗಳು. ನಾಳೆ ಬೆಳಿಗ್ಗೆ ನಾನು ನಿನ್ನ ಲ್ಯಾಬಿಗೆ ಬರುತ್ತೇನೆ. ಆಧಾರ್ ತರುವುದಿಲ್ಲ. ಕೇಳಿದರೆ ಕಳೆದುಹೋಗಿದೆ ಅನ್ನುತ್ತೇನೆ. ನೀನು ಬಾಯಲ್ಲಿ ವಿಳಾಸ ಕೇಳು, ನಾನು ಬಾಯಲ್ಲಿ ಹೇಳುತ್ತೇನೆ, ಹೇಳಿದ್ದನ್ನು ಟೈಪ್ ಮಾಡು. ಟೆಸ್ಟ್ ಕಾರ್ಡಿನ ಗೆರೆ ಸಾಲದು ಅಂದರೆ ಇನ್ನೊಂದು ಸೀಸೆ ರಕ್ತ ತೆಗೆದು ಹಾಸನಕ್ಕೂ ಕಳಿಸು. ನನ್ನನ್ನು ಶಂಕಿತ ಅಂತ ಬಿಡಬೇಡ. ಈ ತಿಂಗಳು ಮುಗಿಯುವವರೆಗೂ ನಾನು ಇಲ್ಲಿಯವನು. ಆಮೇಲೆ ಬೇಕೆಂದರೂ ಈ ವಠಾರದಿಂದ ಹೇಳುವವರು ಯಾರೂ ಇರಲ್ಲ.

ನಿಮ್ಮ ಮ್ಯಾನೇಜರು ನಿನ್ನನ್ನು ಬೈಯಬಹುದು ಅಂತ ಗೊತ್ತು. ಬರೆದರೂ ಏನೂ ಆಗದೇ ಇರಬಹುದು ಅಂತಲೂ ಗೊತ್ತು. ಜನ ಬರುತ್ತಾರೆ, ಬೀದಿಗೆ ಹೊಗೆ ಹೊಡೆಯುತ್ತಾರೆ, ಗೋಡೆಗೆ ಸೀಮೆಸುಣ್ಣದಲ್ಲಿ ತಾರೀಕು ಹಾಕುತ್ತಾರೆ, ಮೆಟ್ಟಿಲ ಬೀಗ ನೋಡಿ ವಾಪಸ್ ಹೋಗುತ್ತಾರೆ. ಹಾಗೇ ಆಗುತ್ತದೆ ಅಂತ ನನ್ನ ಮನಸ್ಸು ಹೇಳುತ್ತದೆ. ನನಗೆ ಯಾರ ಮೇಲೂ ನಂಬಿಕೆ ಉಳಿದಿಲ್ಲ ರಂಜಿತಾ, ನಿನ್ನ ಮೇಲೂ ಇಲ್ಲ. ಆದರೆ ಬೇರೆ ಯಾರ ಕೈಯಲ್ಲೂ ಆ ಕಂಪ್ಯೂಟರು ಇಲ್ಲ. ಅವರು ಅಡ್ವಾನ್ಸ್ ಕೊಟ್ಟಾಯಿತು, ಮುಂದಿನ ವಾರ ಆ ಗೊರೂರಿನ ಕೂಸು ಇಲ್ಲಿ ತೊಟ್ಟಿಲಿಗೆ ಬೀಳುತ್ತದೆ.

ನನಗೆ ಮಾತ್ರೆ ಬೇಡ, ಸಮಾಧಾನವೂ ಬೇಡ. ನೀನು ಸುಖವಾಗಿರು. ನಿನ್ನ ಮನೆಯಲ್ಲಿ ಯಾರ ಮೈಯೂ ಸುಡದಿರಲಿ, ನಿನಗೆ ಮಕ್ಕಳಾದರೆ ಅವು ಹಲ್ಲು ಬಿದ್ದು, ಹಲ್ಲು ಬಂದು, ನಿನ್ನ ತಲೆ ತಿನ್ನುವಷ್ಟು ದೊಡ್ಡವಾಗಲಿ.

ನಾಳೆ ನಿನ್ನ ಮುಂದೆ ಕೈ ಚಾಚಿ ಕೂರುವವನು,
ಕೀರ್ತಿರಾಜ್
ಮೂರನೇ ಮನೆ, ಪರಮಶಿವಯ್ಯನವರ ವಠಾರ,
ಅಕ್ಕಿ ಮಿಲ್ ಹಿಂಭಾಗ,
ಹೊಳೆನರಸೀಪುರ